ಕುರ್ಟ್ ಯೋಸನ ‘ಹಸುರು ಮೇಜು’

ಜರ್ಮನಿಯ ನರ್ತನಾಚಾರ್ಯ ಕುರ್ಟ್ ಯೋಸನ ‘ಹಸುರು ಮೇಜು’ 1932ರ ಜುಲೈ 3ರಂದು ಪ್ಯಾರಿಸಿನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನವನ್ನು ಗಳಿಸಿತು. ಎಂಟು ದೃಶ್ಯಗಳ ಈ ನೃತ್ಯರೂಪಕದ ಆರಂಭದಲ್ಲಿ ಮುಖವಾಡ ತೊಟ್ಟ ಕರಿಯುಡುಪಿನ ಮುತ್ಸದ್ದಿಗಳು ಮೇಜಿನ ಸುತ್ತ ನೆರೆದು ಬಾಗುವರು, ಬಳುಕುವರು, ವಾದಿಸುವರು; ಕಡೆಗೆ ಪಿಸ್ತೂಲು ಹಾರುವುದು. ಆ ಬಳಿಕ ರಂಗವೆಲ್ಲ ಮೃತ್ಯುವಿನದು. ಯೋಧನಿಗೊಂದು ಬಗೆ, ವೃದ್ಧಮಾತೆಗೊಂದು ಬಗೆ, ತರುಣಿಗೊಂದು ಬಗೆ—ಒಬ್ಬೊಬ್ಬರನ್ನೂ ಅವರವರ ಹೆಜ್ಜೆಗೆ ಹೊಂದಿಕೊಂಡೇ ಅದು ಸೆಳೆದೊಯ್ಯುವುದು. ಆ ಪಾತ್ರವನ್ನು ಯೋಸನೇ ಧರಿಸಿದ್ದನು. ಕೊನೆಯ ದೃಶ್ಯದಲ್ಲಿ ಮತ್ತೆ ಅದೇ ಮೇಜು, ಅದೇ ಸಂಗೀತ, ಅದೇ ವಿನಯ. ಯುದ್ಧವನ್ನು ಖಂಡಿಸುವ ಒಂದು ಮಾತೂ ಇಲ್ಲ. ಭಾರತೀಯ ಆಲಂಕಾರಿಕರು ಧ್ವನಿಯೆಂದುದು ಇದನ್ನೇ ಅಲ್ಲವೆ?

ಮರುವರ್ಷ ನಾಜಿಗಳು ತಂಡದ ಯೆಹೂದ್ಯರನ್ನು, ಸಂಗೀತಕಾರ ಫ್ರಿಟ್ಸ್ ಕೋಹೆನನನ್ನೂ ಸೇರಿಸಿ, ಹೊರಹಾಕಬೇಕೆಂದರು. ಯೋಸನು ಒಪ್ಪದೆ ತಂಡದೊಡನೆ ದೇಶವನ್ನೇ ತೊರೆದನು.