ಓದಲು ಬರುತ್ತದೆ, ಅರ್ಥವಾಗುತ್ತದೆಯೇ?



ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳ ಪೂಜೆಯ ದಿನ ಒಂಬತ್ತು ವರ್ಷದ ಬಾಲಕನೊಬ್ಬ ಮೊದಲನೇ ವಾಚನವನ್ನು ಓದಿದ. ದೇವರು ರಾತ್ರಿಯ ಹೊತ್ತು ಬಾಲಕ ಸಮುವೇಲನನ್ನು ಹೆಸರು ಹಿಡಿದು ಕರೆದ ಪ್ರಸಂಗವದು. ಎಷ್ಟು ಸೊಗಸಾಗಿ ಓದಿದನೆಂದರೆ ಒಂದು ಒತ್ತಕ್ಷರದಲ್ಲೂ ತಡವರಿಸಲಿಲ್ಲ. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾವು ಅವನ ಬೆನ್ನು ತಟ್ಟಿ, "ಸಮುವೇಲ ಎದ್ದು ಯಾರ ಹತ್ತಿರ ಓಡಿದನಪ್ಪಾ?" ಎಂದು ಕೇಳಿದೆವು. ಹುಡುಗ ಸುಮ್ಮನೆ ನಿಂತ. ಮತ್ತೊಮ್ಮೆ ಕೇಳಿದಾಗ ವಾಚನದ ಮೊದಲ ಸಾಲನ್ನೇ ಗಟ್ಟಿಯಾಗಿ ಒಪ್ಪಿಸಿದ. ಸುತ್ತ ನಿಂತವರು ನಕ್ಕರು. ನಾವೂ ನಕ್ಕೆವು.

ಮುಂದಿನ ಮೂರು ಭಾನುವಾರ ಅವನು ಧರ್ಮೋಪದೇಶಕ್ಕೆ ಬರಲಿಲ್ಲ. ನಾಲ್ಕನೆಯ ವಾರ ಅವನ ತಾಯಿ ಬಂದು, "ಭಾನುವಾರ ಬಂದರೆ ಹೊಟ್ಟೆನೋವು ಅಂತಾನೆ ಸ್ವಾಮಿ. ಸ್ಕೂಲಿರೋ ದಿನ ಬೆಳಿಗ್ಗೇನೂ ಅಷ್ಟೇ. ಡಾಕ್ಟರಿಗೆ ತೋರಿಸಿದೆ, ಏನೂ ಇಲ್ಲ ಅಂದರು" ಎಂದು ಕಣ್ಣೀರಿಟ್ಟರು. ಆ ದಿನದ ನಗು ನಮ್ಮ ತಪ್ಪು ಎಂಬುದು ಆಗ ನಮಗೆ ತಿಳಿಯಿತು. ಮಕ್ಕಳ ಕಲಿಕೆಯ ವಿಷಯದಲ್ಲಿ ಗುರುಮಠದಲ್ಲಿ ಕಲಿಯದ ಪಾಠವನ್ನು ನಾವು ಕಲಿಯತೊಡಗಿದ್ದು ಅಂದಿನಿಂದ.

ಒಂದನೇ ತರಗತಿಗೆ ಸೇರಿಸುವಾಗ ನಾವೆಲ್ಲರೂ ಎಷ್ಟು ಓಡಾಡುತ್ತೇವೆ! ಹತ್ತನೇ ತರಗತಿ ಬಂತೆಂದರೆ ಮನೆಯಲ್ಲಿ ಟಿ.ವಿ. ಬಂದ್, ಹರಕೆ, ನೊವೇನಾ ಎಲ್ಲವೂ ಶುರು. ನಡುವಿನ ಮೂರು, ನಾಲ್ಕು, ಐದನೇ ತರಗತಿಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಗು ತಾನಾಗಿ ಸ್ನಾನ ಮಾಡುತ್ತದೆ, ತಾನಾಗಿ ಬ್ಯಾಗು ಜೋಡಿಸಿಕೊಳ್ಳುತ್ತದೆ. ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತೇವೆ. ಆದರೆ ಕಲಿಕೆಯ ದಾರಿಯಲ್ಲಿ ಕಡಿದಾದ ತಿರುವು ಬರುವುದು ಅಲ್ಲಿಯೇ.

ಅಮೆರಿಕದ ಶಿಕ್ಷಣತಜ್ಞೆ ಜೀನ್ ಚಾಲ್ ಅವರು 1983ರಲ್ಲಿ ಓದಿನ ಹಂತಗಳನ್ನು ವಿವರಿಸುತ್ತಾ ಇದನ್ನು ಗುರುತಿಸಿದ್ದರು. ಸುಮಾರು ಮೂರನೇ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕರಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ನಾಯಿ, ಮನೆ, ಮಳೆ ಎಂಬ ಮಾತುಗಳು ಮಗುವಿಗೆ ಮೊದಲೇ ಗೊತ್ತು. ಆದರೆ ಆವೀಕರಣ, ಗ್ರಾಮ ಪಂಚಾಯಿತಿ, ಛೇದ, ಅಂಶ? ಅಕ್ಷರ ಗೊತ್ತಿದ್ದರೂ ಪದ ಗೊತ್ತಿಲ್ಲ. ಪದ ಗೊತ್ತಿಲ್ಲದ ಮೇಲೆ ಪಾಠವೂ ಇಲ್ಲ.

ಕನ್ನಡದ ಮಕ್ಕಳಲ್ಲಿ ಇದು ನಮ್ಮ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ನಮ್ಮ ಲಿಪಿ ಬರೆದಂತೆ ಓದುವ ಲಿಪಿ. ಕಾಗುಣಿತ ಗಟ್ಟಿಯಾದ ಮಗು ಯಾವ ಪುಟವನ್ನು ಕೊಟ್ಟರೂ ಸರಾಗವಾಗಿ ಓದಿಬಿಡುತ್ತದೆ. ಕೇಳುವ ನಾವು ಅರ್ಥವಾಗಿದೆ ಎಂದೇ ನಂಬುತ್ತೇವೆ. ಇನ್ನು ಕೆಲವು ಮಕ್ಕಳಿಗೆ ಅಕ್ಷರಗಳೇ ಮುಗಿದಿರುವುದಿಲ್ಲ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಇಂಗ್ಲಿಷಿನ 26 ಅಕ್ಷರಗಳಂತೆ ಒಂದೇ ವರ್ಷದಲ್ಲಿ ಮುಗಿಯುವ ಬಾಬತ್ತು ಇದಲ್ಲ. "ನಾಲ್ಕನೇ ಕ್ಲಾಸಾದರೂ ಒತ್ತು ಬರಲ್ಲ" ಎಂದು ಬೈಯುವ ಮುನ್ನ ಇದು ನೆನಪಿರಲಿ.

ನಮ್ಮ ಅನೇಕ ಕುಟುಂಬಗಳ ಸ್ಥಿತಿಯಂತೂ ಬೇರೆಯೇ. ಮನೆಯಲ್ಲಿ ತಮಿಳೋ ತೆಲುಗೋ ಕೊಂಕಣಿಯೋ; ಬೀದಿಯಲ್ಲಿ ಮತ್ತು ಪೂಜೆಯಲ್ಲಿ ಕನ್ನಡ; ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆ ಮಗುವಿಗೆ ಭಾರವಲ್ಲ, ಅದು ಅದರ ಆಸ್ತಿ. ಆದರೆ ಅರ್ಥವಾಗದ ಇಂಗ್ಲಿಷ್ ಉತ್ತರವನ್ನು ರಾತ್ರಿ ಹತ್ತರವರೆಗೆ ಕಂಠಪಾಠ ಮಾಡಿಸುವುದು ಮಾತ್ರ ಭಾರವೇ. ಮನೆಭಾಷೆಯಲ್ಲಿ ಐದು ನಿಮಿಷ ಪಾಠವನ್ನು ವಿವರಿಸಿದರೆ, ಆ ಅರ್ಥವನ್ನು ಮಗು ಇಂಗ್ಲಿಷಿಗೂ ಕೊಂಡೊಯ್ಯುತ್ತದೆ. "ಮನೇಲೂ ಇಂಗ್ಲಿಷೇ ಮಾತಾಡಿ" ಎಂಬ ಸಲಹೆಯನ್ನು ನಾವೂ ಹಿಂದೆ ಕೆಲವು ಹೆತ್ತವರಿಗೆ ಕೊಟ್ಟಿದ್ದೆವು. ಈಗ ಕೊಡುವುದಿಲ್ಲ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ನಲಿ-ಕಲಿ ಪದ್ಧತಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿಯಿದು. ಚಿಕ್ಕ ತರಗತಿಗಳ ಮಕ್ಕಳು ಗುಂಪಾಗಿ ಕುಳಿತು, ಕಾರ್ಡುಗಳ ಮೂಲಕ ಹಾಡುತ್ತಾ ಆಡುತ್ತಾ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದಾಗ ಪಠ್ಯಪುಸ್ತಕ, ಪ್ರಶ್ನೋತ್ತರ, ಪರೀಕ್ಷೆ. ಆ ಬದಲಾವಣೆಗೆ ಮಗುವಿಗೆ ಕೆಲವು ತಿಂಗಳು ಬೇಕು.

ಇದು ಒಬ್ಬಿಬ್ಬರ ಮನೆಯ ಕಥೆಯೂ ಅಲ್ಲ. 2024ರ ಅಸರ್ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 48.8. ಅದೂ ಬರೀ ಸರಾಗವಾಗಿ ಓದುವ ಲೆಕ್ಕ. ಅರ್ಥ ಇನ್ನೊಂದು ಮೆಟ್ಟಿಲು ಮೇಲಿದೆ.

ಗಣಿತದಲ್ಲೂ ಇದೇ ವಯಸ್ಸಿನಲ್ಲಿ ಮಕ್ಕಳು ಎಡವುತ್ತಾರೆ. ನಾಲ್ಕನೇ ಒಂದು ದೊಡ್ಡದೋ ಐದನೇ ಒಂದು ದೊಡ್ಡದೋ ಎಂದು ಕೇಳಿನೋಡಿ. ಐದು ದೊಡ್ಡ ಸಂಖ್ಯೆಯಲ್ಲವೇ, ಆದ್ದರಿಂದ ಐದನೇ ಒಂದೇ ದೊಡ್ಡದು ಎನ್ನುತ್ತದೆ ಮಗು. ಅದು ದಡ್ಡತನವಲ್ಲ, ಅಲ್ಲಿಯವರೆಗೆ ಕಲಿತ ನಿಯಮವನ್ನೇ ಪಾಲಿಸುತ್ತಿದೆ. ಊಟಕ್ಕೆ ಕುಳಿತಾಗ ಒಂದು ಚಪಾತಿಯನ್ನು ನಾಲ್ವರಿಗೆ, ಇನ್ನೊಂದನ್ನು ಐವರಿಗೆ ಹಂಚಿಸಿ, ಯಾರ ಪಾಲು ದೊಡ್ಡದೆಂದು ಕೇಳಿ. ಟ್ಯೂಷನ್ ಬೇಕಾಗುವುದಿಲ್ಲ.

ಈಗ ಹೊಟ್ಟೆನೋವಿನ ಮಾತಿಗೆ ಬರೋಣ. ಆರರಿಂದ ಹನ್ನೆರಡು ವರ್ಷದವರೆಗಿನ ಕಾಲದಲ್ಲಿ ಮಗುವಿನ ಮುಂದಿರುವ ಪ್ರಶ್ನೆ, "ನನ್ನ ಕೈಲಿ ಆಗುತ್ತದೆಯೇ?" ಎಂಬುದು. ಆಗುತ್ತದೆ ಎಂಬ ಧೈರ್ಯ ಬೆಳೆಯದಿದ್ದರೆ ಆ ಜಾಗದಲ್ಲಿ ಕೀಳರಿಮೆ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲೇ ಬರೆದಿದ್ದರು. ಐದು ವರ್ಷದ ಮಗು ತನ್ನನ್ನು ಯಾರೊಂದಿಗೂ ಅಷ್ಟಾಗಿ ಹೋಲಿಸಿಕೊಳ್ಳುವುದಿಲ್ಲ. ಒಂಬತ್ತು ವರ್ಷದ ಮಗುವಿಗೆ ತರಗತಿಯಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದು ಚೆನ್ನಾಗಿ ಗೊತ್ತು. ಅದರ ಮೇಲೆ ನಾವೂ, "ಪಕ್ಕದ ಮನೆ ಹುಡುಗಿಯನ್ನು ನೋಡು" ಎಂದು ಸೇರಿಸುತ್ತೇವೆ. ಅವಮಾನವನ್ನು ಬಾಯಿಬಿಟ್ಟು ಹೇಳಲು ಈ ವಯಸ್ಸಿಗೆ ಮಾತು ಸಾಲದು. ಅದು ಹೊಟ್ಟೆನೋವಾಗಿ, ತಲೆನೋವಾಗಿ ಹೊರಬರುತ್ತದೆ. ನೋವು ಸುಳ್ಳಲ್ಲ, ನಿಜವಾಗಿಯೂ ನೋಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಗಳಲ್ಲಿ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದೇವಾಲಯದ ಅಂಗಳಕ್ಕೆ ಕಾಯ್ದೆ ಬೇಕಾಗಬಾರದು!

ಕೆಲವೊಮ್ಮೆ ಕಾರಣ ಸರಳವಾಗಿರುತ್ತದೆ. ಬೋರ್ಡು ಕಾಣಿಸುತ್ತಿರುವುದಿಲ್ಲ. ಎಲ್ಲರಿಗೂ ಹೀಗೆಯೇ ಮಂಜುಮಂಜಾಗಿ ಕಾಣುತ್ತದೆ ಎಂದೇ ಮಗು ತಿಳಿದಿರುತ್ತದೆ, ಆದ್ದರಿಂದ ಹೇಳುವುದಿಲ್ಲ. ಪುಸ್ತಕವನ್ನು ಮೂಗಿಗೆ ಹಿಡಿದು ಓದಿದರೆ, ಟಿ.ವಿ. ಹತ್ತಿರ ಹೋಗಿ ಕುಳಿತರೆ ಕಣ್ಣಿನ ಪರೀಕ್ಷೆ ಮಾಡಿಸಿ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ಕಾಲ ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮಕ್ಕಳಲ್ಲಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ ಸುಮಾರು 30 ಮಂದಿಗೆ. ಉಳಿದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. ಸಂಜೆ ಆಟಕ್ಕೆ ಬಿಡದೆ ಟ್ಯೂಷನ್‌ಗೆ ಅಟ್ಟುವವರು ಇದನ್ನು ಎರಡು ಸಲ ಓದಬೇಕು.

ನಿದ್ದೆಯ ಲೆಕ್ಕವೂ ಹಾಗೆಯೇ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಏಳು ಗಂಟೆಗೆ ವ್ಯಾನ್ ಬರುತ್ತದಾದರೆ ಮಗು ಆರಕ್ಕೆ ಏಳಬೇಕು. ಅಂದರೆ ರಾತ್ರಿ ಒಂಬತ್ತಕ್ಕೆ ಮಲಗಿರಬೇಕು. ನಮ್ಮ ಎಷ್ಟು ಮನೆಗಳಲ್ಲಿ ಒಂಬತ್ತಕ್ಕೆ ದೀಪ ಆರುತ್ತದೆ?

ಆ ಹುಡುಗನ ಮನೆಗೆ ನಾವು ಹೋದೆವು. ನಕ್ಕಿದ್ದಕ್ಕೆ ಅವನ ಕ್ಷಮೆ ಕೇಳಿದೆವು. ಅವನಿಗಿಂತ ಅವನ ತಾಯಿಗೇ ಅದು ಮುಜುಗರವಾಯಿತು. ಮನೆಯಲ್ಲಿ ಅಕ್ಷರ ಬಾರದ ಅಜ್ಜಿ ಇದ್ದರು. ದಿನವೂ ರಾತ್ರಿ ಜಪಸರವಾದ ಮೇಲೆ ಹತ್ತು ನಿಮಿಷ ಅಜ್ಜಿಗೆ ಬೈಬಲ್ಲಿನ ಒಂದು ಕಥೆ ಓದಿ ಹೇಳಬೇಕು, ತಪ್ಪು ತಿದ್ದಲು ಯಾರೂ ಪಕ್ಕದಲ್ಲಿ ಕೂರಬಾರದು ಎಂದು ಮಾತಾಯಿತು. ಅಜ್ಜಿಗೆ ಒತ್ತಕ್ಷರದ ತಪ್ಪು ತಿಳಿಯುವುದಿಲ್ಲ. ಆದರೆ ಅವರು ಸುಮ್ಮನೆ ಕೇಳುವವರೂ ಅಲ್ಲ. "ಯಾರು ಬಂದದ್ದು? ಯಾಕೆ ಬಂದ? ಆಮೇಲೆ?" ಎಂದು ಸಾಲುಸಾಲಿಗೂ ತಡೆದು ನಿಲ್ಲಿಸುತ್ತಿದ್ದರಂತೆ. ಉತ್ತರ ಹೇಳಲು ಹುಡುಗ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಬೇಕಾಗುತ್ತಿತ್ತು.

ತಪಸ್ಸುಕಾಲದ ಒಂದು ಭಾನುವಾರ ಅವನು ತಾನಾಗಿಯೇ ನಮ್ಮ ಬಳಿಗೆ ಬಂದ. "ಸ್ವಾಮಿ, ಏಲಿಗೆ ಕಣ್ಣು ಮಂಜಾಗಿತ್ತು ಅಂತ ಇದೆ. ಸಮುವೇಲ ಮಲಗಿಬಿಟ್ಟಿದ್ದ. ಹಾಗಾದರೆ ಆ ದೀಪ ಉರೀತಾ ಇದ್ದದ್ದು ಯಾರಿಗೆ?" ಎಂದು ಕೇಳಿದ. ಮುಂದಿನ ವಾರ ಹೇಳುತ್ತೇವೆ ಎಂದು ನಾವು ಒಂದು ವಾರ ಕಾಲಾವಕಾಶ ಕೇಳಿಕೊಂಡೆವು.