ಒಂದು ಸೀನಿನ ಸಿನಿಮಾ ಪಾಠ

ಫ್ರೆಡ್ ಆಟ್ ಎಂಬ ಮೀಸೆಯ ಮನುಷ್ಯ ಒಂದು ಚಿಟಿಕೆ ನಶ್ಯ ಏರಿಸುತ್ತಾನೆ, ಮುಖ ಕಿವುಚುತ್ತಾನೆ, ಸೀನುತ್ತಾನೆ. ಮುಗಿಯಿತು. 1894ರ ಜನವರಿಯಲ್ಲಿ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ, ಥಾಮಸ್ ಎಡಿಸನ್ ಪ್ರಯೋಗಾಲಯದ ಅಂಗಳದಲ್ಲಿ ತೆಗೆದ ಈ ಚಿತ್ರದ ಉದ್ದ ಸುಮಾರು ಐದು ಸೆಕೆಂಡು. ಕಥೆಯಿಲ್ಲ, ಹಾಡಿಲ್ಲ, ಫೈಟಿಲ್ಲ. ಅಮೆರಿಕದಲ್ಲಿ ಕಾಪಿರೈಟ್ ಪಡೆದು ಇವತ್ತಿಗೂ ಉಳಿದಿರುವ ಚಲನಚಿತ್ರಗಳಲ್ಲಿ ಇದೇ ಹಿರಿಯದು.

ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ ಪಿಸ್ಕಾಟವೇ. ಅಲ್ಲಿರುವ ನಮ್ಮಕ್ಕನ ಮಗಳು, ಹದಿಮೂರರ ಹುಡುಗಿ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಕಲಿಯುವ ಸಿನಿಮಾ ತರಗತಿಯಲ್ಲಿ ಮೊದಲ ಪಾಠವೇ ಈ ಸೀನು. ಅವಳಿಗೆ ಬೆಳಿಗ್ಗೆ ಒಂಬತ್ತಾದರೆ, ಚಳಿಗಾಲದಲ್ಲಿ ಬೆಂಗಳೂರಿನ ಸಹಪಾಠಿಗಳಿಗೆ ರಾತ್ರಿ ಏಳೂವರೆ. ಅವಳ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಅವರ ಮನೆಯಲ್ಲಿ ಊಟಕ್ಕೆ ಕೂಗು.

ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗಾಗಿ ಇಂಥ ಆನ್‌ಲೈನ್ ತರಗತಿಗಳು ಹೆಚ್ಚಿದ್ದು ಕೋವಿಡ್ ಕಾಲದಲ್ಲಿ. ಅದಕ್ಕೂ ಮುಂಚೆ, 2015ರಲ್ಲೇ ಪಿಕ್ಸಾರ್ ಮತ್ತು ಖಾನ್ ಅಕಾಡೆಮಿ ಸೇರಿ ‘ಪಿಕ್ಸಾರ್ ಇನ್ ಎ ಬಾಕ್ಸ್’ ಎಂಬ ಪುಕ್ಕಟೆ ಪಾಠಸರಣಿ ಶುರುಮಾಡಿದ್ದವು. 2017ರಲ್ಲಿ ಅದಕ್ಕೆ ಕಥೆ ಹೇಳುವ ಕಲೆಯ ಪಾಠಗಳೂ ಸೇರಿದವು. ಆದರೆ ವಿಡಿಯೊ ನೋಡಿ ತಲೆಯಾಡಿಸುವುದು ಬೇರೆ, ವಾರ ವಾರ ಹೋಮ್‌ವರ್ಕ್ ಒಪ್ಪಿಸುವುದು ಬೇರೆ. ಈ ತರಗತಿಯಲ್ಲಿ ಎಂಟು ವಾರ, ವಾರಕ್ಕೊಂದೇ ಸಂಗತಿ: ಶಾಟ್, ಬೆಳಕು, ಮೂರು ಸಾಲಿನ ಕಥೆ, ಸ್ಟೋರಿಬೋರ್ಡ್, ಶೂಟಿಂಗ್, ಎಡಿಟಿಂಗ್, ಸೌಂಡ್. ಕೊನೆಯ ಭಾನುವಾರ ಪ್ರದರ್ಶನ.

ಮೊದಲ ವಾರದ ಹೋಮ್‌ವರ್ಕ್ ಕೇಳಲು ಸುಲಭ. ಐದು ಸೆಕೆಂಡು, ಒಂದೇ ಶಾಟ್, ಒಂದೇ ಕ್ರಿಯೆ. ಕ್ಯಾಮೆರಾ ಅಲ್ಲಾಡಬಾರದು, ಜೂಮ್, ಫಿಲ್ಟರ್, ಮ್ಯೂಸಿಕ್ ಯಾವುದೂ ಬೇಡ. ಹುಡುಗಿ ಆರಿಸಿಕೊಂಡದ್ದು ಊರಿನಿಂದ ಬಂದಿದ್ದ ಅಜ್ಜಿಯನ್ನು, ಎಂದರೆ ನಮ್ಮಮ್ಮನನ್ನು. ಒಗ್ಗರಣೆಗೆ ಗುಂಟೂರು ಮೆಣಸಿನಕಾಯಿ ಮುರಿದು ಹಾಕಿದರೆ ಘಾಟಿಗೆ ಸೀನು ಬಂದೇ ಬರುತ್ತದೆ ಎಂಬುದು ಅವಳ ಲೆಕ್ಕ. ಬಂದದ್ದು ಸೀನಲ್ಲ, ಹೊಗೆಯ ಅಲಾರಾಮಿನ ಕಿರುಚಾಟ. ಅಜ್ಜಿ ಗಾಬರಿಯಾಗಿ ಫ್ರೇಮಿನಿಂದಲೇ ಓಡಿದರು. ಇನ್ನೊಮ್ಮೆ ಸೀನು ಬಂತು, ಆದರೆ ಸೆರಗು ಮುಖ ಪೂರ್ತಿ ಮುಚ್ಚಿಬಿಟ್ಟಿತು. ಮತ್ತೊಂದು ಟೇಕ್ ಎಂದಾಗ ಅಜ್ಜಿಗೆ ಸಿಟ್ಟು: “ಕೇಳ್ದಾಗೆಲ್ಲ ಬರೋಕೆ ಅದೇನು ನಲ್ಲಿ ನೀರೇನೇ?”

ಹುಡುಗಿ ಕೈಚೆಲ್ಲಿದಳು. ಪುಸ್ತಕಗಳ ಮೇಲೆ ಆನಿಸಿಟ್ಟಿದ್ದ ಫೋನು ಮಾತ್ರ ರೆಕಾರ್ಡ್ ಆಗುತ್ತಲೇ ಇತ್ತು. ಒಲೆಕಟ್ಟೆ ಒರೆಸುತ್ತಿದ್ದ ಅಜ್ಜಿ, ಯಾರೂ ಕೇಳದಿದ್ದಾಗ, ಸೀನಿದರು.

ಪಾಠ ನಿಜವಾಗಿ ಶುರುವಾದದ್ದು ಆಮೇಲೆ. ಅಷ್ಟುದ್ದದ ಫುಟೇಜಿನಲ್ಲಿ ಯಾವ ಐದು ಸೆಕೆಂಡು ಇಟ್ಟುಕೊಳ್ಳುವುದು? ಹುಡುಗಿ ಸೀನನ್ನಷ್ಟೇ ಕತ್ತರಿಸಿ ಇಟ್ಟಿದ್ದಳು. ಕ್ಲಾಸಿನಲ್ಲಿ ಅದನ್ನು ನೋಡಿ ಯಾರೂ ನಗಲಿಲ್ಲ. ಕಟ್ಟನ್ನು ಸ್ವಲ್ಪ ಹಿಂದಕ್ಕೆ ಎಳೆದು ನೋಡು ಎಂದರು ಮಿಸ್. ಹಿಂದಕ್ಕೆ ಎಳೆದಾಗ ಕಂಡದ್ದು: ಒರೆಸುವ ಬಟ್ಟೆ ಹಿಡಿದ ಕೈ ತಟಕ್ಕನೆ ನಿಲ್ಲುತ್ತದೆ, ಕಣ್ಣು ಸಣ್ಣಗಾಗುತ್ತದೆ, ಇನ್ನೊಂದು ಕೈ ಸೆರಗಿಗಾಗಿ ತಡಕಾಡುತ್ತದೆ. ಆಮೇಲೆ ಸೀನು. ಈ ಸಲ ಮಕ್ಕಳೆಲ್ಲ ಗೊಳ್ಳೆಂದರು. ಕ್ರಿಯೆಗಿಂತ ಅದಕ್ಕಾಗಿ ಕಾಯಿಸುವುದೇ ಸಿನಿಮಾ ಎಂಬುದು ಎಷ್ಟು ಉಪನ್ಯಾಸ ಕೊಟ್ಟರೂ ಇಷ್ಟು ಚೆನ್ನಾಗಿ ತಲೆಗೆ ಹೋಗುತ್ತಿರಲಿಲ್ಲ.

ಫ್ರೆಡ್ ಆಟ್‌ನ ಸೀನು ಹುಟ್ಟಿದ್ದೂ ಒಂದು ಬೇಡಿಕೆಯಿಂದಲೇ. ‘ಹಾರ್ಪರ್ಸ್ ವೀಕ್ಲಿ’ಯ ಬಾರ್ನೆಟ್ ಫಿಲಿಪ್ಸ್ ಎಂಬ ಪತ್ರಕರ್ತ ತನ್ನ ಲೇಖನಕ್ಕಾಗಿ ಸೀನುವವರ ಚಿತ್ರಸರಣಿ ಬೇಕೆಂದು ಎಡಿಸನ್‌ರನ್ನು ಕೇಳಿದ. ಚೆಂದದ ಮುಖದ ಎಳೆಯರು ಸೀನಲಿ ಎಂಬುದು ಅವನ ಆಸೆ. ಸಿಕ್ಕಿದ್ದು ಪ್ರಯೋಗಾಲಯದ ಕೆಲಸಗಾರ. ಎಡಿಸನ್‌ರ ಸಹಾಯಕ ಡಬ್ಲ್ಯು.ಕೆ.ಎಲ್. ಡಿಕ್ಸನ್ 45 ಚೌಕಟ್ಟುಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿ ಕಾಪಿರೈಟ್‌ಗೆ ಸಲ್ಲಿಸಿದರು. ಆ ಕಾಗದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದದ್ದರಿಂದ ಸೀನೂ ಉಳಿಯಿತು.

ಸೀನಿದ ಜಾಗದ್ದು ಇನ್ನೊಂದು ಕಥೆ. ಡಾಂಬರು ಕಾಗದ ಹೊದಿಸಿದ ಆ ಕಪ್ಪು ಕೊಟ್ಟಿಗೆಗೆ ಪೊಲೀಸ್ ವ್ಯಾನಿನ ಅಡ್ಡಹೆಸರೇ ಅಂಟಿತ್ತು: ಬ್ಲ್ಯಾಕ್ ಮರಾಯಾ. 1893ರಲ್ಲಿ 637 ಡಾಲರ್ ಚಿಲ್ಲರೆ ಖರ್ಚಿನಲ್ಲಿ ಕಟ್ಟಿದ ಈ ಸ್ಟುಡಿಯೊದ ಚಾವಣಿ ತೆರೆಯುತ್ತಿತ್ತು. ಬಿಸಿಲು ಸರಿದಂತೆ ಇಡೀ ಕಟ್ಟಡವನ್ನೇ ವೃತ್ತಾಕಾರದ ಹಳಿಯ ಮೇಲೆ ತಿರುಗಿಸುತ್ತಿದ್ದರು. ಈಗಿರುವುದು 1954ರ ಪ್ರತಿಕೃತಿ. ಬೆಳಕಿನ ವಾರದಲ್ಲಿ ಮಕ್ಕಳಿಗೆ ಇದನ್ನು ತೋರಿಸಿ ಹೇಳುತ್ತಾರೆ: ಮನೆ ತಿರುಗುವುದಿಲ್ಲ, ನೀವೇ ಕಿಟಕಿಯ ಕಡೆ ತಿರುಗಿ. ಡಿಸೆಂಬರಿನ ಪಿಸ್ಕಾಟವೇಯಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಶಾಲೆ ಬಿಟ್ಟ ಮೇಲೆ ಹೊರಗಿನ ಶಾಟ್‌ಗೆ ಸಿಗುವುದು ಅರ್ಧ ಮುಕ್ಕಾಲು ಗಂಟೆ ಮಾತ್ರ. ಬೇಗ ತೀರ್ಮಾನಿಸುವುದನ್ನು ಸೂರ್ಯನೇ ಕಲಿಸುತ್ತಾನೆ.

ಹಾಲಿವುಡ್‌ಗೆ ಮೊದಲು ಅಮೆರಿಕದ ಚಿತ್ರೋದ್ಯಮ ಇದೇ ರಾಜ್ಯದ ಫೋರ್ಟ್ ಲೀಯಲ್ಲಿ ಮೆರೆದಿತ್ತು. 1912ರಲ್ಲಿ ಅಲ್ಲಿ ಸೊಲಾಕ್ಸ್ ಸ್ಟುಡಿಯೊ ಕಟ್ಟಿದ ನಿರ್ದೇಶಕಿ ಆಲಿಸ್ ಗೀ-ಬ್ಲಾಷೆ, ನಟರಿಗೆ ಕಾಣುವಂತೆ ‘ಸಹಜವಾಗಿರಿ’ ಎಂದು ದೊಡ್ಡ ಬೋರ್ಡ್ ಹಾಕಿಸಿದ್ದರು. ನಮ್ಮಮ್ಮನಿಗೆ ಆ ಬೋರ್ಡ್ ಬೇಕಾಗಲಿಲ್ಲ.

ಸಿನಿಮಾ ನಾಲ್ಕು ಜನರ ಕೆಲಸ. ಆನ್‌ಲೈನ್ ಮಗು ಒಂಟಿ. ಅದಕ್ಕೊಂದು ಉಪಾಯವಿದೆ: ಮುಂದಿನ ವಾರಗಳಲ್ಲಿ ಒಬ್ಬರು ತೆಗೆದ ಫುಟೇಜನ್ನು ಇನ್ನೊಬ್ಬರು ಎಡಿಟ್ ಮಾಡಬೇಕು. ಹಾವೇರಿ ಕಡೆಯ ಅಜ್ಜಿ ಪಿಸ್ಕಾಟವೇಯಲ್ಲಿ ಇನ್ನೊಮ್ಮೆ ಸೀನಿದರೆ, ಕತ್ತರಿ ಬೆಂಗಳೂರಿನ ಹುಡುಗನ ಕೈಯಲ್ಲಿ. ಮುಂದೆ ಮತ್ತು ಹಿಂದೆ ಒಂದೆರಡು ಸೆಕೆಂಡು ಹೆಚ್ಚಿಗೆ ತೆಗೆದಿಡದಿದ್ದರೆ ಆ ಕಡೆಯವರು ಎಷ್ಟು ಬೈಯುತ್ತಾರೆಂದು ಎರಡನೇ ಸಲಕ್ಕೇ ಗೊತ್ತಾಗುತ್ತದೆ.

ಕಷ್ಟಗಳೂ ಇವೆ. ಸಿನಿಮಾ ಕಲಿಯಲು ಬಂದ ಮಕ್ಕಳೇ ತಮ್ಮ ಕ್ಯಾಮೆರಾ ಆಫ್ ಮಾಡಿ ಕೂರುತ್ತಾರೆ. ಹದಿಮೂರು ತುಂಬದವರ ಮಾಹಿತಿ ಪಡೆಯಲು ಅಮೆರಿಕದ 1998ರ ಕಾನೂನಿನಂತೆ ಹೆತ್ತವರ ಒಪ್ಪಿಗೆ ಬೇಕು. ಹೆತ್ತವರದು ಒಂದೇ ಪ್ರಶ್ನೆ: ಕಾಲೇಜ್ ಅಡ್ಮಿಷನ್ನಿಗೆ ಇದರಿಂದ ಏನುಪಯೋಗ?

ಈ ಪ್ರಶ್ನೆ ಹೆಗ್ಗೋಡಿನಲ್ಲಿ ಯಾರಾದರೂ ಕೇಳಿದ್ದರೋ ಏನೋ. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಜನರ ಮುಂದೆ ಜಗತ್ತಿನ ದೊಡ್ಡ ಚಿತ್ರಗಳನ್ನಿಟ್ಟರು. ಸಿನಿಮಾ ನೋಡುವುದಕ್ಕೂ ತರಬೇತಿ ಬೇಕು ಎಂದು ನಂಬಿ ರಸಗ್ರಹಣ ಶಿಬಿರ ನಡೆಸಿದ ಪರಂಪರೆ ನಮ್ಮದು. ಅದನ್ನು ಅಮೆರಿಕದಲ್ಲೂ ಮುಂದುವರಿಸಬಹುದು. ಪಿಸ್ಕಾಟವೇಗೆ ಅಂಟಿಕೊಂಡಿರುವ ಎಡಿಸನ್ ಪಟ್ಟಣದಲ್ಲಿ 2010ರಲ್ಲಿ ‘ಅಕ್ಕ’ ಸಂಘಟನೆಯ ವಿಶ್ವ ಕನ್ನಡ ಸಮ್ಮೇಳನವೇ ನಡೆದಿತ್ತು. ಕನ್ನಡ ಕೂಟಗಳ ಯುಗಾದಿ, ರಾಜ್ಯೋತ್ಸವಗಳಲ್ಲಿ ಭರತನಾಟ್ಯಕ್ಕೂ ಫ್ಯಾಷನ್ ಶೋಗೂ ವೇಳೆ ಸಿಗುತ್ತದೆ. ಮಕ್ಕಳೇ ತೆಗೆದ ಚಿತ್ರಗಳಿಗೆ ಒಂದು ಹದಿನೈದು ನಿಮಿಷ ಸಿಕ್ಕರೆ, ಆರು ತಿಂಗಳಿಗೆಂದು ಬಂದು ಹೋಗುವ ಎಷ್ಟೋ ಅಜ್ಜ ಅಜ್ಜಿಯರು ಪರದೆಯ ಮೇಲಾದರೂ ಅಲ್ಲಿ ನಿಲ್ಲುತ್ತಾರೆ.

ಹುಡುಗಿಗೆ ಸೆಪ್ಟೆಂಬರಿನಿಂದ ಹೈಸ್ಕೂಲು. ಮುಂದಿನ ಬ್ಯಾಚಿಗೆ ಸೇರುತ್ತೀಯಾ ಎಂದರೆ ತನ್ನ ಅಮ್ಮನ ಮುಖ ನೋಡುತ್ತಾಳೆ. ಭಾನುವಾರದ ಒಂಬತ್ತು ಗಂಟೆಗೆ ಗಣಿತದ ಕೋಚಿಂಗ್ ಆಗಲೇ ಬಂದು ಕೂತಿದೆ.