ಕಥೆ ಆಮೇಲೆ, ಮೊದಲು ಹೆಸರು ಹೇಳಿ

ನಾನು ವಕೀಲೆಯಲ್ಲ. ಆದರೂ ಕಳೆದ ಆರು ವರ್ಷಗಳಿಂದ ವಕಾಲತ್ತು, ದಾವೆ, ಜವಾಬು, ಮುಂದಿನ ತಾರೀಕು ಎಂಬ ಮಾತುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಕುಂದಾಪುರದ ಕಡೆಯಿಂದ ಬಂದು ಕೋಪರಖೈರಣೆಯಲ್ಲಿ ಮನೆ ಮಾಡಿಕೊಂಡಿರುವ ನಾನು, ಪಕ್ಕದ ಮಹಾಪೆಯ ಎಂಐಡಿಸಿಯಲ್ಲಿರುವ ಸಣ್ಣದೊಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ವಕೀಲರ ಕಚೇರಿಗಳಿಗೆ ಸಾಫ್ಟ್‌ವೇರ್ ತಯಾರಿಸುವುದು ನಮ್ಮ ಕಸುಬು. ಯಾವ ಕೇಸು ಯಾವ ನ್ಯಾಯಾಲಯದಲ್ಲಿದೆ, ಮುಂದಿನ ತಾರೀಕು ಎಂದು, ಫೀಸು ಎಷ್ಟು ಬಂತು, ಎಷ್ಟು ಬಾಕಿ ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತದೆ.

ಅದರಲ್ಲಿ ನನ್ನ ಪಾಲಿಗೆ ಬಂದಿರುವುದು ಒಂದೇ ಒಂದು ಗುಂಡಿ. ಹೊಸ ಕಕ್ಷಿದಾರರು ಕಚೇರಿಗೆ ಬಂದಾಗ ಅದನ್ನು ಒತ್ತಬೇಕು. ಇವರ ಕೇಸು ಹಿಡಿದರೆ ಕಚೇರಿಯ ಹಳೆಯ ಕಕ್ಷಿದಾರರ ಪೈಕಿ ಯಾರಿಗಾದರೂ ಎದುರು ನಿಂತಂತಾಗುತ್ತದೆಯೇ ಎಂದು ಅದು ಹುಡುಕಿ ತಿಳಿಸಬೇಕು. ಕಾನೂನಿನ ಭಾಷೆಯಲ್ಲಿ ಇದಕ್ಕೆ ಹಿತಾಸಕ್ತಿ ಸಂಘರ್ಷ ಎಂಬ ಭಾರದ ಹೆಸರಿದೆ. ನಮ್ಮೂರ ಮಾತಿನಲ್ಲಿ ಹೇಳುವುದಾದರೆ, ಜಗಳವಾಡುವ ಇಬ್ಬರ ಗುಟ್ಟೂ ಒಬ್ಬರೇ ವಕೀಲರ ಕಪಾಟಿನಲ್ಲಿ ಇರಬಾರದು, ಅಷ್ಟೇ.

ನಿಯಮ ಹೇಳುವುದೇನು?

1961ರ ವಕೀಲರ ಕಾಯ್ದೆಯ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ವೃತ್ತಿ ನಡತೆಯ ನಿಯಮಗಳನ್ನು ರೂಪಿಸಿದೆ. ಅದರ 33ನೇ ನಿಯಮದ ಸಾರ ಇಷ್ಟು: ಒಂದು ವ್ಯಾಜ್ಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ, ಅವರ ಪರವಾಗಿ ಕಾಗದಪತ್ರ ಬರೆದುಕೊಟ್ಟ ಅಥವಾ ವಾದಿಸಿದ ವಕೀಲರು ಅದೇ ವ್ಯಾಜ್ಯದಲ್ಲಿ ಎದುರು ಪಕ್ಷದವರ ಪರ ನಿಲ್ಲುವಂತಿಲ್ಲ. ವಕೀಲರಿಗೆ ಎದುರು ಪಕ್ಷದವರ ಜತೆ ಏನಾದರೂ ಸಂಬಂಧವಿದ್ದರೆ ಅದನ್ನು ಕೇಸು ಹಿಡಿಯುವಾಗಲೇ ಕಕ್ಷಿದಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು ಎನ್ನುತ್ತದೆ 14ನೇ ನಿಯಮ. ಒಬ್ಬರ ಕೆಲಸ ಒಪ್ಪಿಕೊಂಡಿರುವಾಗಲೇ ಎದುರಿನವರ ಕೆಲಸ ಹಿಡಿಯುವುದು ವೃತ್ತಿಧರ್ಮಕ್ಕೆ ತಕ್ಕುದಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ರಾಜಸ್ಥಾನದ ವಕೀಲರೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಕೇಸು ಮುಗಿದ ಮೇಲೂ ಗುಟ್ಟು ಗುಟ್ಟೇ. ಹಿಂದಿನ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿದ್ದ ಈ ರಕ್ಷಣೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್‌ನಲ್ಲಿ ಮುಂದುವರಿದಿದೆ. ಅದು ವಕೀಲರಿಗಷ್ಟೇ ಅಲ್ಲದೆ ಅವರ ಗುಮಾಸ್ತರಿಗೂ ದುಭಾಷಿಗಳಿಗೂ ಅನ್ವಯಿಸುತ್ತದೆ.

ನಮ್ಮವರ ವಕೀಲರು

ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು ಎಂದು ಭಾವಿಸುವವರಿದ್ದಾರೆ. ಮುಂಬೈ, ಠಾಣೆ, ನವಿ ಮುಂಬೈಯ ಕನ್ನಡಿಗರಲ್ಲಿ ಇದು ಮನೆಮನೆಯ ವಿಷಯ. ಕಷ್ಟ ಬಂದಾಗ ನಾವು ಹುಡುಕುವುದು 'ನಮ್ಮವರ' ವಕೀಲರನ್ನು. ಕನ್ನಡವೋ ತುಳುವೋ ತಿಳಿದಿರಬೇಕು, ಊರಿನ ಆಸ್ತಿಯ ಲೆಕ್ಕಾಚಾರ ಗೊತ್ತಿರಬೇಕು, ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಡುವ ಪದ್ಧತಿಯನ್ನು ಬಿಡಿಸಿ ಹೇಳಬೇಕಾದ ಅಗತ್ಯ ಇರಬಾರದು. ಅಂಥವರು ಒಂದು ಊರಿನಲ್ಲಿ ಎಷ್ಟು ಜನ ಸಿಕ್ಕಾರು? ಹೀಗಾಗಿ ಪಾಲಿನ ತಕರಾರಿನಲ್ಲಿ ಅಣ್ಣ ಸೋಮವಾರ ಹೋದ ಕಚೇರಿಗೇ ತಮ್ಮ ಗುರುವಾರ ಹೋಗುತ್ತಾನೆ. ಇಬ್ಬರಿಗೂ ಆ ವಿಳಾಸ ಕೊಟ್ಟವರು ಸಂಘದ ಒಂದೇ ಕಾರ್ಯಕ್ರಮದಲ್ಲಿ ಊಟಕ್ಕೆ ಪಕ್ಕದಲ್ಲಿ ಕುಳಿತಿದ್ದ ಒಬ್ಬರೇ ಮಾವ ಆಗಿರುತ್ತಾರೆ.

ಹಿಂದೆಲ್ಲ ಇದನ್ನು ತಡೆಯುತ್ತಿದ್ದವರು ಗುಮಾಸ್ತರು. ಬಾಗಿಲಲ್ಲಿ ಕಂಡ ಮುಖವನ್ನು ನೋಡಿಯೇ, 'ಸರ್, ಇವರ ಭಾವನ ಅಗ್ರಿಮೆಂಟ್ ನಾವೇ ಮಾಡಿದ್ದು' ಎಂದು ಒಳಗೆ ಬಂದು ಪಿಸುಗುಟ್ಟುತ್ತಿದ್ದರು. ಮೂವತ್ತು ವರ್ಷಗಳ ಕಡತ ಅವರ ತಲೆಯಲ್ಲಿರುತ್ತಿತ್ತು. ಅವರು ನಿವೃತ್ತರಾಗಿ ಊರಿಗೆ ಹೊರಟ ದಿನ ಆ ನೆನಪೂ ಅವರ ಜತೆಗೇ ಹೋಗುತ್ತದೆ. ನಮ್ಮಂಥವರ ಸಾಫ್ಟ್‌ವೇರನ್ನು ಕಚೇರಿಗಳು ಕೊಳ್ಳುವುದು ಬಹುಪಾಲು ಅದಾದ ಮೇಲೆಯೇ.

ನನಗೆ ಈ ಗುಂಡಿಯ ಬೆಲೆ ತಿಳಿದದ್ದು ಇಲ್ಲಿಯೇ ಒಂದು ಕಚೇರಿಯಲ್ಲಿ ನಡೆದ ಘಟನೆಯಿಂದ. ಆ ಹಿರಿಯ ವಕೀಲರು ನಮ್ಮನ್ನು ಕರೆಸಿ ಯಾರ ಹೆಸರನ್ನೂ ಹೇಳದೆ ವಿವರಿಸಿದರು. ಗುರುತು ಸಿಗದಂತೆ ನಾನೂ ಕೆಲವು ವಿವರ ಬದಲಿಸಿದ್ದೇನೆ. ಗಂಡನಿಂದ ದೂರವಾಗಲು ನಿರ್ಧರಿಸಿದ ಮಹಿಳೆಯೊಬ್ಬರು ಜೀವನಾಂಶದ ಕೇಸು ಹಾಕಲು ಅವರಲ್ಲಿಗೆ ಬಂದರು. ಅವರ ಕಾಗದಪತ್ರಗಳೆಲ್ಲ ತವರಿನ ಹೆಸರಿನಲ್ಲಿದ್ದವು. ಕಚೇರಿಯ ಪಟ್ಟಿಯಲ್ಲಿ ಆ ಹೆಸರು ಹುಡುಕಿದರು, ಸಿಗಲಿಲ್ಲ. ಆಕೆ ಎರಡು ಗಂಟೆ ಕುಳಿತು ಎಲ್ಲವನ್ನೂ ಹೇಳಿಕೊಂಡರು. ಒಡವೆ ಎಲ್ಲಿದೆ, ತಾಯಿಯ ಹೆಸರಿನಲ್ಲಿ ಎಷ್ಟು ಇಟ್ಟಿದ್ದೇನೆ, ಮಕ್ಕಳನ್ನು ಯಾವಾಗ ಊರಿಗೆ ಕರೆದೊಯ್ಯುತ್ತೇನೆ ಎಂಬುದೂ ಅದರಲ್ಲಿತ್ತು.

ಮೂರು ವಾರದ ನಂತರ ಅರ್ಜಿಯಲ್ಲಿ ಗಂಡನ ಹೋಟೆಲಿನ ಹೆಸರು ಟೈಪ್ ಮಾಡುವಾಗ ಕಿರಿಯ ವಕೀಲರಿಗೆ ಅನುಮಾನ ಬಂತು. ಹಳೆಯ ಕಡತ ತೆಗೆದರೆ, ಎರಡು ವರ್ಷದ ಹಿಂದೆ ಆ ಹೋಟೆಲಿನ ಕಂಡಕ್ಟಿಂಗ್ ಕರಾರನ್ನು ಬರೆದುಕೊಟ್ಟಿದ್ದು ಇದೇ ಕಚೇರಿ. ಹೋಟೆಲಿನ ವ್ಯಾಪಾರದ ಲೆಕ್ಕವೂ ಆ ಕಡತದಲ್ಲೇ ಇತ್ತು. ಗಂಡನ ನಿಜವಾದ ಆದಾಯವೆಷ್ಟು ಎಂಬುದೇ ಆಕೆಯ ಕೇಸಿನ ಜೀವಾಳ. ಅದರ ಉತ್ತರ ಕಪಾಟಿನಲ್ಲಿದ್ದರೂ ಅದನ್ನು ಮುಟ್ಟುವಂತಿಲ್ಲ, ಮುಟ್ಟದೆ ಆಕೆಗೆ ನ್ಯಾಯ ಕೊಡಿಸುವಂತಿಲ್ಲ. ಹಿರಿಯರು ಇಬ್ಬರ ಕೆಲಸವನ್ನೂ ಬಿಟ್ಟುಕೊಟ್ಟರು. ಆಕೆ ತೆತ್ತ ಫೀಸು ಮರಳಿ ಬಂತು. ಆದರೆ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡ ನೋವನ್ನು ಆಕೆ ಎರಡನೆಯ ಸಲ ಅಪರಿಚಿತ ವಕೀಲರ ಮುಂದೆ ಹಿಂದಿಯಲ್ಲಿ ಹೇಳಬೇಕಾಯಿತು.

ಶೆಟ್ಟಿ, ಪಾಟೀಲ, ವಿಶ್ವನಾಥ

'ಹೆಸರು ಹುಡುಕುವುದಷ್ಟೇ ತಾನೆ, ಅದೆಂಥ ಕಷ್ಟ?' ಎಂದು ನೀವು ಕೇಳಬಹುದು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಶೆಟ್ಟಿಯ ಕೊನೆಗೆ ವೈ ಹಾಕುವವರಿದ್ದಾರೆ, ಐ ಹಾಕುವವರಿದ್ದಾರೆ. ಪೂಜಾರಿಗೆ ಎರಡು ಓ ಬರೆಯುವವರಿದ್ದಂತೆ ಒಂದು ಯು ಬರೆಯುವವರೂ ಇದ್ದಾರೆ. ಕರ್ನಾಟಕದಲ್ಲಿ ಮಾಡಿಸಿದ ಆಧಾರ್‌ನಲ್ಲಿ ಸವಿತಾಗೆ ಟಿ ಆದಮೇಲೆ ಎಚ್ ಇರುತ್ತದೆ, ಇಲ್ಲಿ ಮಾಡಿಸಿದ ಪಡಿತರ ಚೀಟಿಯಲ್ಲಿ ಎಚ್ ಮಾಯ. ಯಂತ್ರಕ್ಕೆ ಇವರು ಇಬ್ಬರು ಸವಿತಾಗಳು.

ಉಚ್ಚಾರದ ಹೋಲಿಕೆಯ ಮೇಲೆ ಹುಡುಕಲು ಸೌಂಡೆಕ್ಸ್ ಎಂಬ ಹಳೆಯ ವಿಧಾನವಿದೆ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಮುಂದಿನ ವ್ಯಂಜನಗಳಿಗೆ ಅಂಕಿ ಕೊಟ್ಟು, ಸ್ವರಗಳನ್ನು ಬಿಟ್ಟುಬಿಡುವುದು ಅದರ ಕ್ರಮ. ಎರಡೂ ಬಗೆಯ ಶೆಟ್ಟಿ, ಎರಡೂ ಬಗೆಯ ಪೂಜಾರಿ ಅದರ ಬಲೆಗೆ ಬೀಳುತ್ತಾರೆ. ಆದರೆ ವಿಶ್ವನಾಥ ತಪ್ಪಿಸಿಕೊಳ್ಳುತ್ತಾನೆ. ನಡುವಿನ 'ವ'ಕ್ಕೆ ಡಬ್ಲ್ಯು ಬರೆದರೆ ಅವನ ಸಂಖ್ಯೆ 253, ವಿ ಬರೆದರೆ 215. ಇಂಗ್ಲಿಷಿಗಾಗಿ ಮಾಡಿದ ಆ ವಿಧಾನದಲ್ಲಿ ವಿಗೆ ಅಂಕಿಯಿದೆ, ಡಬ್ಲ್ಯುಗೆ ಇಲ್ಲ. ನಮಗೆ ಇರುವುದು ಒಂದೇ 'ವ'. ಆದ್ದರಿಂದ ನಾವು ಹೆಸರುಗಳನ್ನು ಮೊದಲು ನಮ್ಮ ಅಕ್ಷರಗಳ ಲೆಕ್ಕಕ್ಕೆ ತಂದುಕೊಂಡು ಆಮೇಲೆ ಹೋಲಿಸುತ್ತೇವೆ.

ಇದರ ತದ್ವಿರುದ್ಧ ತೊಂದರೆಯೂ ಇದೆ. ಕೋಪರಖೈರಣೆ ಊರಿನ ಮೂಲನಿವಾಸಿ ಆಗ್ರಿ ಸಮುದಾಯದಲ್ಲಿ ಪಾಟೀಲರು ಬಹಳ. ವಿಜಯಪುರ, ಬೆಳಗಾವಿಯಿಂದ ಬಂದು ನೆಲೆಸಿದವರಲ್ಲೂ ಪಾಟೀಲರಿದ್ದಾರೆ. ಸಿಡ್ಕೊ ಭೂಸ್ವಾಧೀನದ ನಂತರ ಮೂಲ ಭೂಮಾಲೀಕರಿಗೆ ಶೇ 12.5ರ ಯೋಜನೆಯಲ್ಲಿ ಸಿಕ್ಕ ನಿವೇಶನಗಳ ಕಡತ ಒಂದು ಕಚೇರಿಯಲ್ಲಿದ್ದರೆ, ಪಾಟೀಲ ಎಂದು ಹುಡುಕಿದರೆ ಪಟ್ಟಿ ಮಾರುದ್ದ ಬರುತ್ತದೆ. ಪ್ರತಿ ಸಲವೂ ಮಾರುದ್ದದ ಪಟ್ಟಿ ಬಂದರೆ ನಾಲ್ಕನೆಯ ದಿನದಿಂದ ಯಾರೂ ಅದನ್ನು ಓದುವುದಿಲ್ಲ, ಕಣ್ಣು ಮುಚ್ಚಿ 'ಸರಿ' ಒತ್ತುತ್ತಾರೆ. ಹಾಗಾಗಿ ಊರು, ತಂದೆಯ ಹೆಸರು, ವ್ಯವಹಾರದ ಹೆಸರು ಕೂಡಿ ಬಂದವರನ್ನು ಮೇಲೆ ತೋರಿಸಿ, 'ಸರಿ' ಒತ್ತಿದವರ ಹೆಸರು ಮತ್ತು ಕಾರಣ ದಾಖಲಾಗುವಂತೆ ಮಾಡಿದ್ದೇವೆ.

ಹೆಣ್ಣುಮಕ್ಕಳ ಹೆಸರು ಇನ್ನೊಂದು ಕಥೆ. ಮಹಾರಾಷ್ಟ್ರದ ಪದ್ಧತಿಯಲ್ಲಿ ಮದುವೆಯಾದ ಮೇಲೆ ನಡುವಿನ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಮನೆತನದ ಹೆಸರು ಬದಲಾಗುತ್ತದೆ. ಕೆಲವು ಮನೆಗಳಲ್ಲಿ ಸ್ವಂತ ಹೆಸರೂ ಬದಲಾಗುತ್ತದೆ. ತವರಿನ ಹೆಸರಿನ ಕಾಲಂ ಇಲ್ಲದ ಸಾಫ್ಟ್‌ವೇರ್ ಅರ್ಧದಷ್ಟು ಜನರನ್ನು ನೋಡಿಯೇ ಇಲ್ಲ ಎಂದರ್ಥ.

ಕಂಪನಿಗಳ ನಿರ್ದೇಶಕರಿಗಾದರೆ ಡಿಐಎನ್ ಎಂಬ 8 ಅಂಕಿಯ ಸಂಖ್ಯೆಯಿದೆ, ಹೆಸರು ಹೇಗೆ ಬರೆದರೂ ಸಿಕ್ಕಿಬೀಳುತ್ತಾರೆ. ಇಬ್ಬರು ಪಾಲುದಾರರ ಸಾಮಾನ್ಯ ಹೋಟೆಲಿಗೆ ಅದು ಇರುವುದಿಲ್ಲ. ನ್ಯಾಯಾಲಯಕ್ಕೆ ಹೋದ ಕೇಸುಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಹುಡುಕಬಹುದು. ಅಲ್ಲಿ ಪ್ರತಿ ಕೇಸಿಗೂ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆಯಿದೆ. ಆದರೆ ಬರೆದುಕೊಟ್ಟ ಕರಾರಿಗೆ, ಬರೀ ಸಲಹೆ ಕೇಳಿ ಹೋದ ಸಂಜೆಗೆ ಅಂಥ ಸಂಖ್ಯೆ ಎಲ್ಲಿಂದ ಬರಬೇಕು? ಅದಕ್ಕೇ ಕೇಸು ಕೊಡದೆ ಹೋದವರ, ಕಚೇರಿಯೇ ಬೇಡವೆಂದು ಕಳಿಸಿದವರ ಹೆಸರನ್ನೂ ಬರೆದಿಡಬೇಕು. ಅವರೂ ಗುಟ್ಟು ಬಿಟ್ಟುಹೋದವರೇ.

ಚಹಾ ಕೊಟ್ಟು ಕೇಳುವ ಪ್ರಶ್ನೆ

ಇಷ್ಟಾದರೂ ನಮ್ಮ ತಂಡ ಆ ಹಿರಿಯರೊಂದಿಗೆ ಅತಿ ಹೆಚ್ಚು ವಾದ ಮಾಡಿದ್ದು ತಂತ್ರಜ್ಞಾನದ ಬಗ್ಗೆ ಅಲ್ಲ. ಹೆಸರುಗಳ ಪರೀಕ್ಷೆ ಮುಗಿಯುವವರೆಗೆ ಕೇಸಿನ ವಿವರ ಬರೆಯುವ ಜಾಗ ತೆರೆಯದಂತೆ ಮಾಡಬೇಕು ಎಂಬುದು ನನ್ನ ಸಲಹೆಯಾಗಿತ್ತು. ಅವರು ಒಪ್ಪಲಿಲ್ಲ.

'ನೋಡಮ್ಮ, ಅಳ್ತಾ ಬಂದವರ ಮುಂದೆ ಫಾರಂ ಇಡ್ಲಿಕ್ಕೆ ಆಗ್ತದಾ? ನಾವೇನು ಬ್ಯಾಂಕಿನವರಾ?' ಎಂದರು.

'ಸರ್, ಆವತ್ತು ಮೊದಲೇ ಗಂಡನ ಹೆಸರು, ಹೋಟೆಲಿನ ಹೆಸರು ಕೇಳಿದ್ರೆ ಅವರು ಎರಡನೇ ಸಲ ಅಳಬೇಕಾಗಿರ್ಲಿಲ್ಲ' ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯ್ತು. ಆದ್ರೆ ಅದನ್ನ ಗುಮಾಸ್ತರು ಕೇಳ್ಲಿ. ಚಹಾ ಕೊಟ್ಟು ಕೇಳ್ತಾರೆ' ಎಂದರು. ಈಗ ಆ ಕಚೇರಿಯಲ್ಲಿ ಹಾಗೆಯೇ ನಡೆಯುತ್ತಿದೆ.

ಹೋಲಿಕೆ ಸಿಕ್ಕಾಗ ಪರದೆಯ ಮೇಲೆ ಏನು ತೋರಿಸಬೇಕು ಎಂಬುದೂ ಸೂಕ್ಷ್ಮವೇ. 'ಇವರ ಗಂಡ ನಮ್ಮ ಕಕ್ಷಿದಾರರು' ಎಂದು ಎಲ್ಲರಿಗೂ ತೋರಿಸಿದರೆ ಗುಟ್ಟು ಅಲ್ಲೇ ಬಯಲು. ಅದಕ್ಕೆ ಗುಮಾಸ್ತರಿಗೆ 'ನಿಲ್ಲಿ, ಹಿರಿಯರನ್ನು ಕೇಳಿ' ಎಂಬಷ್ಟೇ ಕಾಣುತ್ತದೆ. ಕಾರಣ ತಿಳಿಯುವುದು ಹಿರಿಯರೊಬ್ಬರಿಗೆ.

ದೊಡ್ಡ ಸಂಸ್ಥೆಗಳು ಒಂದೇ ಸೂರಿನಡಿ ಎರಡು ತಂಡಗಳ ನಡುವೆ ಗೋಡೆ ಕಟ್ಟುತ್ತೇವೆ ಎನ್ನುತ್ತವೆ. ಬ್ರೂನೈ ರಾಜಕುಮಾರ ಜೆಫ್ರಿಗೆ ಕೆಲಸ ಮಾಡಿದ್ದ ಕೆಪಿಎಂಜಿ, ಆಮೇಲೆ ಅವರ ವಿರುದ್ಧದ ತನಿಖೆಗೆ ಇಳಿದಾಗ ಅಂಥದೇ ಗೋಡೆಯ ಮಾತಾಡಿತ್ತು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1998ರಲ್ಲಿ ಆ ಗೋಡೆ ಸಾಲದೆಂದು ತಡೆಯಾಜ್ಞೆ ಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಸಾಲದ ಗೋಡೆ, ನಾಲ್ವರು ಕಿರಿಯ ವಕೀಲರು ಒಂದೇ ಮೇಜು, ಒಂದೇ ಕಂಪ್ಯೂಟರ್ ಹಂಚಿಕೊಳ್ಳುವ ನಮ್ಮ ಕಚೇರಿಗಳಲ್ಲಿ ನಿಲ್ಲುವುದುಂಟೇ? ನಮ್ಮ 33ನೇ ನಿಯಮ ಮಾತಾಡುವುದು 'ವಕೀಲ'ರ ಬಗ್ಗೆ. ಅಮೆರಿಕದ ಮಾದರಿ ನಿಯಮಗಳಲ್ಲಿ ಸಾಮಾನ್ಯವಾಗಿ ಒಬ್ಬರ ತೊಡಕು ಇಡೀ ಸಂಸ್ಥೆಗೆ ತಗಲುತ್ತದೆ. ಸಣ್ಣ ಕಚೇರಿಗಳು ಆ ಎರಡನೆಯ ಕ್ರಮವನ್ನು ತಾವಾಗಿಯೇ ಪಾಲಿಸುವುದು ಕ್ಷೇಮ.

ಯಂತ್ರದ ಮಿತಿಯನ್ನೂ ಹೇಳಿಬಿಡುತ್ತೇನೆ. ಬೇರೆ ಬೇರೆ ಮನೆತನದ ಹೆಸರಿರುವ ಮಾವ-ಅಳಿಯ, ಬೇನಾಮಿ ಪಾಲುದಾರ, ಊರಲ್ಲಿ ಎಲ್ಲರೂ ಕರೆಯುವ ಅಡ್ಡಹೆಸರು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹೇಳಬಲ್ಲವರು ನೀವೇ. ಹಾಗಾಗಿ ವಕೀಲರ ಬಳಿ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಿಮ್ಮ ಹೆಸರನ್ನು ಕಾಗದಪತ್ರಗಳಲ್ಲಿ ಇರುವ ಎಲ್ಲ ರೂಪಗಳಲ್ಲಿ ಬರೆದುಕೊಳ್ಳಿ. ಎದುರಿನವರ ಹೆಸರು, ಅವರ ವ್ಯವಹಾರದ ಹೆಸರು, ಪಾಲುದಾರರು, ಜಗಳದಲ್ಲಿ ಕೈಯಿರುವ ನೆಂಟರು, ಸಾಕ್ಷಿ ಹೇಳಬಹುದಾದವರು, ಇಷ್ಟನ್ನೂ ಸೇರಿಸಿ. ಕುಳಿತ ಕೂಡಲೇ ಕಥೆ ಶುರುಮಾಡದೆ ಮೊದಲು ಆ ಚೀಟಿ ಕೊಡಿ.

ಚೀಟಿ ನೋಡಿ ವಕೀಲರು 'ಈ ಕೇಸು ನನ್ನಿಂದಾಗದು' ಎಂದರೆ ಬೇಸರಿಸಬೇಡಿ, ಕಾರಣವನ್ನೂ ಕೆದಕಬೇಡಿ. ಅವರು ಯಾರದೋ ಮಾತನ್ನು ಉಳಿಸಿಕೊಳ್ಳುತ್ತಿದ್ದಾರೆ. ನಾಳೆ ನಿಮ್ಮ ಎದುರಿನವರು ಅದೇ ಬಾಗಿಲು ತಟ್ಟಿದಾಗ ನಿಮ್ಮ ಮಾತನ್ನೂ ಹೀಗೆಯೇ ಉಳಿಸಿಕೊಳ್ಳುವ ವಕೀಲರೇ ನಿಮಗೆ ಬೇಕಾದವರು.